ಒಂದೊಂದೇ ಫೋಟಾನ್ ಎಣಿಸಿದ ವರ್ಷಗಳು

1984ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್, ಸಿಸ್ಟಮ್ಸ್ ಮತ್ತು ಸಿಗ್ನಲ್ ಪ್ರೊಸೆಸಿಂಗ್ ಕುರಿತ ಅಂತಾರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಅದರ ನಡಾವಳಿ ಸಂಪುಟದ 175ರಿಂದ 179ನೇ ಪುಟದವರೆಗೆ ಐದೇ ಪುಟಗಳ ಒಂದು ಪ್ರಬಂಧ ಇದೆ. ಬರೆದವರು ಅಮೆರಿಕದ ಐಬಿಎಂ ಸಂಶೋಧನಾಲಯದ ಚಾರ್ಲ್ಸ್ ಬೆನೆಟ್ ಮತ್ತು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಜಿಲ್ ಬ್ರಸಾರ್. ದೂರದೂರದಲ್ಲಿರುವ ಇಬ್ಬರು ಬೆಳಕಿನ ಒಂಟಿ ಕಣಗಳನ್ನು, ಅಂದರೆ ಫೋಟಾನುಗಳನ್ನು, ಕಳಿಸಿ, ತಮ್ಮಿಬ್ಬರಿಗಷ್ಟೇ ಗೊತ್ತಿರುವ ಒಂದು ರಹಸ್ಯ ಕೀಲಿಯನ್ನು ಹೇಗೆ ಹುಟ್ಟಿಸಿಕೊಳ್ಳಬಹುದು, ನಡುವೆ ಯಾರಾದರೂ ಇಣುಕಿದರೆ ಅದು ಹೇಗೆ ಬಯಲಾಗುತ್ತದೆ ಎಂಬುದು ಅದರ ವಿಷಯ. ಇಬ್ಬರ ಹೆಸರಿನ ಮೊದಲಕ್ಷರಗಳೂ ಇಸವಿಯೂ ಸೇರಿ ಅದಕ್ಕೆ ‘ಬಿಬಿ84’ ಎಂಬ ಹೆಸರು ನಿಂತಿತು. ಕ್ವಾಂಟಂ ಗೂಢಲಿಪಿ ಎಂಬ ಇಡೀ ವಿಜ್ಞಾನ ಶಾಖೆಯ ಮೂಲ ಪ್ರಬಂಧ ಬೆಂಗಳೂರಿನಲ್ಲಿ ಓದಿದ್ದು ಎಂಬುದು ಕನ್ನಡಿಗರಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ಆ ಡಿಸೆಂಬರ್‌ನಲ್ಲಿ ಖಾನಾಪುರದ ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಮುಂದೆ ತನ್ನ ಕೆಲಸದ ಬದುಕನ್ನೆಲ್ಲ ಆ ಐದು ಪುಟಗಳ ಜೊತೆಗೇ ಕಳೆದಳು. ಇಲ್ಲಿರುವುದು ಆಕೆಯ ನೆನಪುಗಳು.

ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರ್ ದೂರದಲ್ಲಿದೆ ಖಾನಾಪುರ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಊರ ಪಕ್ಕದಲ್ಲೇ ಹರಿಯುತ್ತಾಳೆ. ಹೆಂಚು, ಇಟ್ಟಿಗೆ, ಕುಂಬಾರಿಕೆಗೆ ಹೆಸರಾದ ಮಣ್ಣು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಬಜಾರಿನಲ್ಲಿ ಕನ್ನಡ, ಮರಾಠಿ, ಕೊಂಕಣಿ ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಕಾಲೇಜು ಎಂದರೆ ಬೆಳಗಾವಿ, ಬೆಳಗಾವಿ ಎಂದರೆ ಲೋಂಡಾ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರ್ ರೈಲು. ವಿಜ್ಞಾನ ಓದುವ ಮಕ್ಕಳೆಲ್ಲ ಅದರಲ್ಲೇ ಹೋಗಿಬರುತ್ತಿದ್ದರು. ಆಕೆಯೂ ಹೋದಳು.

ಬಿ.ಎಸ್ಸಿ.ಯ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಒಂದು ಉದ್ದನೆಯ ಹಿತ್ತಾಳೆಯ ಉಪಕರಣ ಇತ್ತು, ಪೋಲಾರಿಮೀಟರ್. ಗಾಜಿನ ಕೊಳವೆಯಲ್ಲಿ ಸಕ್ಕರೆಯ ದ್ರಾವಣ ತುಂಬಿ, ಸೋಡಿಯಂ ದೀಪದ ಹಳದಿ ಬೆಳಕನ್ನು ಅದರ ಮೂಲಕ ಹಾಯಿಸಬೇಕು. ಬೆಳಕು ಒಂದು ದಿಕ್ಕಿನಲ್ಲಿ ಕಂಪಿಸುತ್ತ ಒಳಹೋಗಿ, ಕೊಂಚ ತಿರುಗಿದ ದಿಕ್ಕಿನಲ್ಲಿ ಹೊರಬರುತ್ತದೆ. ಕಣ್ಣಿಟ್ಟು ನೋಡಿದರೆ ಅರ್ಧ ಕಪ್ಪು, ಅರ್ಧ ಬೆಳಕಿನ ಒಂದು ವೃತ್ತ. ಎರಡೂ ಅರ್ಧ ಸಮವಾಗುವವರೆಗೆ ತಿರುಗಿಸಿ, ಎಷ್ಟು ಡಿಗ್ರಿ ಎಂದು ವರ್ನಿಯರ್ ಮೇಲೆ ಓದಬೇಕು. ಕಂಪನದ ದಿಕ್ಕನ್ನು ಹೀಗೆ ಒಂದಕ್ಕೆ ಕಟ್ಟುವುದಕ್ಕೆ ಧ್ರುವೀಕರಣ ಎನ್ನುತ್ತಾರೆ. ಬೆಳಗಾವಿ ಜಿಲ್ಲೆಗೆ ಇದು ಪುಸ್ತಕದ ವಿದ್ಯೆಯಲ್ಲ. ಇಲ್ಲಿಯ ಸಕ್ಕರೆ ಕಾರ್ಖಾನೆಗಳ ಲ್ಯಾಬ್‌ಗಳಲ್ಲಿ ದಿನನಿತ್ಯ ಕಬ್ಬಿನ ರಸದ ‘ಪೋಲ್’ ನೋಡುವುದು ಇದೇ ತತ್ವದ ಮೇಲೆ. ರೈತನ ಕಬ್ಬಿನ ದರಕ್ಕೆ ಆಧಾರವಾದ ರಿಕವರಿ ಲೆಕ್ಕದ ಹಿಂದೆ ಈ ತಿರುಗಿದ ಬೆಳಕಿದೆ. ನಗರದಲ್ಲೇ ಇರುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಕಲಿತವರಿಗೆ ಇದು ಮೊದಲ ಪಾಠಗಳಲ್ಲಿ ಒಂದು.

ಬೆನೆಟ್ ಮತ್ತು ಬ್ರಸಾರ್ ತಮ್ಮ ಕೀಲಿಯನ್ನು ಬರೆದಿದ್ದೂ ಇದೇ ಧ್ರುವೀಕರಣದಲ್ಲಿ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಗ್ರಂಥಾಲಯದಲ್ಲಿ ಒಂದು ವಿಮರ್ಶಾ ಲೇಖನ ಆಕೆಯ ಕೈಗೆ ಬಂತು. ಅದರ ಉಲ್ಲೇಖಗಳ ಪಟ್ಟಿಯ ಮೊದಲ ಸಾಲುಗಳಲ್ಲೇ ‘ಬೆಂಗಳೂರು, ಭಾರತ, 1984’ ಎಂದಿತ್ತು. ಆಕೆ ಪುಟ ಹಿಂದೆ ತಿರುಗಿಸಿ, ಆ ಉಲ್ಲೇಖ ಯಾವ ವಾಕ್ಯಕ್ಕೆ ಸೇರಿದ್ದು ಎಂದು ಹುಡುಕಿ ಓದಿದಳು. ಲೇಖನ ಮುಗಿಯುವ ಹೊತ್ತಿಗೆ ಮುಂದೆ ಏನು ಓದಬೇಕು ಎಂಬ ಪ್ರಶ್ನೆಯೂ ಮುಗಿದಿತ್ತು.

ಆ ಪ್ರಬಂಧ ಬೆಂಗಳೂರಿಗೆ ಬಂದ ದಾರಿಯನ್ನು ಬ್ರಸಾರ್ ಅವರೇ ಮುಂದೆ ಬರೆದಿದ್ದಾರೆ. 1979ರ ಅಕ್ಟೋಬರ್ ಕೊನೆಗೆ ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಒಂದು ಸಮ್ಮೇಳನ. ಬ್ರಸಾರ್ ಸಮುದ್ರದಲ್ಲಿ ಈಜುತ್ತಿದ್ದಾಗ ಅಪರಿಚಿತರೊಬ್ಬರು ಈಜುತ್ತ ಹತ್ತಿರ ಬಂದು, ಯಾರೂ ನಕಲು ಮಾಡಲಾಗದ ನೋಟನ್ನು ಕ್ವಾಂಟಂ ಭೌತಶಾಸ್ತ್ರದಿಂದ ಮಾಡಬಹುದು ಎಂದು ಹೇಳತೊಡಗಿದರು. ಆ ಅಪರಿಚಿತರೇ ಬೆನೆಟ್. ನೋಟಿನ ಯೋಚನೆ ಅವರ ಗೆಳೆಯ ಸ್ಟೀಫನ್ ವೀಸ್ನರ್ ಅವರದು. ವೀಸ್ನರ್ 1960ರ ದಶಕದ ಕೊನೆಯ ಹೊತ್ತಿಗೆ ಬರೆದ ಲೇಖನವನ್ನು ಪತ್ರಿಕೆ ತಿರಸ್ಕರಿಸಿತ್ತು. ಅದು ಅಚ್ಚಾದದ್ದು 1983ರಲ್ಲಿ. ಮುಂದೆ ಅವರು ಇಸ್ರೇಲ್‌ಗೆ ಹೋಗಿ, ತಾವಾಗಿಯೇ ಆರಿಸಿಕೊಂಡು ಕಟ್ಟಡ ಕೆಲಸದ ಕೂಲಿಯಾಗಿ ದುಡಿದು, 2021ರಲ್ಲಿ ತೀರಿಕೊಂಡರು. ಇತ್ತ ಭಾರತ ಮೂಲದ ಕೆನಡಾದ ಎಂಜಿನಿಯರ್ ವಿಜಯ್ ಭಾರ್ಗವ ಅವರು ಬ್ರಸಾರ್‌ರನ್ನು ಬೆಂಗಳೂರಿನ ಸಮ್ಮೇಳನಕ್ಕೆ ಕರೆದು, ವಿಷಯ ನಿಮ್ಮ ಇಷ್ಟ ಎಂದರು. ಬ್ರಸಾರ್ ಇದನ್ನೇ ಆರಿಸಿದರು.

ಬಿಬಿ84ರ ಕೆಲಸದ ರೀತಿಯನ್ನು ಪಿಯುಸಿ ಹುಡುಗರಿಗೂ ಹೇಳಬಹುದು. ಕಳಿಸುವವರು ಒಂದೊಂದೇ ಫೋಟಾನನ್ನು ನಾಲ್ಕು ದಿಕ್ಕುಗಳಲ್ಲಿ ಒಂದರಲ್ಲಿ ಕಂಪಿಸುವಂತೆ ಮಾಡಿ ಕಳಿಸುತ್ತಾರೆ: ನೆಟ್ಟಗೆ, ಅಡ್ಡ, ಅಥವಾ ಎರಡು ಓರೆಗಳು. ನೆಟ್ಟಗೆ-ಅಡ್ಡ ಒಂದು ಜೋಡಿ, ಎರಡು ಓರೆಗಳು ಇನ್ನೊಂದು ಜೋಡಿ. ಪ್ರತಿ ಜೋಡಿಯಲ್ಲೂ ಒಂದು ದಿಕ್ಕು ಸೊನ್ನೆ, ಮತ್ತೊಂದು ಒಂದು. ಪಡೆಯುವವರಿಗೆ ಯಾವ ಜೋಡಿಯಲ್ಲಿ ಬಂತು ಎಂದು ಗೊತ್ತಿಲ್ಲ. ಅವರೂ ಒಂದೊಂದು ಸಲ ಒಂದೊಂದು ಜೋಡಿಯನ್ನು ಕಣ್ಣುಮುಚ್ಚಿ ಆರಿಸಿ ಅಳೆಯುತ್ತಾರೆ. ಆಮೇಲೆ ಇಬ್ಬರೂ ಯಾರು ಬೇಕಾದರೂ ಕೇಳಬಹುದಾದ ಸಾಮಾನ್ಯ ಫೋನಿನಲ್ಲಿ, ಯಾವ ಫೋಟಾನಿಗೆ ಯಾವ ಜೋಡಿ ಬಳಸಿದೆವು ಎಂದಷ್ಟೇ ಹೇಳಿಕೊಳ್ಳುತ್ತಾರೆ. ಜೋಡಿ ಹೊಂದದ ಅರ್ಧ ಭಾಗವನ್ನು ಎಸೆಯುತ್ತಾರೆ. ಉಳಿದ ಅರ್ಧದಲ್ಲಿ ಇಬ್ಬರ ಬಳಿಯೂ ಒಂದೇ ಸೊನ್ನೆ-ಒಂದುಗಳ ಸಾಲು ಇರಬೇಕು.

ನಡುವೆ ಯಾರಾದರೂ ಫೋಟಾನುಗಳನ್ನು ಹಿಡಿದು, ಅಳೆದು, ತಿರುಗಿ ಕಳಿಸಿದರೆ? ಅವರಿಗೂ ಜೋಡಿ ಯಾವುದೆಂದು ಗೊತ್ತಿಲ್ಲ. ಅರ್ಧದಷ್ಟು ಸಲ ತಪ್ಪು ಜೋಡಿ ಆರಿಸುತ್ತಾರೆ. ತಪ್ಪು ಜೋಡಿಯಲ್ಲಿ ಅಳೆದ ಫೋಟಾನಿನ ಮೂಲ ದಿಕ್ಕು ಅಳಿಸಿಹೋಗುತ್ತದೆ. ಹೀಗಾಗಿ ಆ ಕಡೆಯವರ ಸಾಲಿನಲ್ಲಿ ನಾಲ್ಕಕ್ಕೆ ಒಂದರಂತೆ ತಪ್ಪು ಕಾಣಿಸುತ್ತದೆ. ಒಂದು ಪ್ರತಿ ತೆಗೆದಿಟ್ಟುಕೊಳ್ಳೋಣ ಎಂದರೆ ಅದೂ ಆಗದು. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯ ನಕಲು ಮಾಡುವುದು ಅಸಾಧ್ಯ ಎಂದು ವೂಟರ್ಸ್ ಮತ್ತು ಝುರೆಕ್, ಹಾಗೆಯೇ ಡೀಕ್ಸ್, 1982ರಲ್ಲಿ ಸಾಧಿಸಿ ತೋರಿಸಿದ್ದರು. ಹೀಗೆ ಬಂದ ಕೀಲಿ ಸಂದೇಶದಷ್ಟೇ ಉದ್ದವಿದ್ದು, ಒಂದೇ ಸಲ ಬಳಕೆಯಾದರೆ ಆ ಗೂಢಲಿಪಿಯನ್ನು ಯಾವ ಕಂಪ್ಯೂಟರೂ ಬಿಡಿಸಲಾರದು. ಇದಕ್ಕೆ ಕ್ಲಾಡ್ ಶ್ಯಾನನ್ ಅವರ 1949ರ ಪುರಾವೆ ಇದೆ.

ಕಾಗದದ ಮೇಲೆ ಇಷ್ಟು. ಹೊರದೇಶದಲ್ಲಿ ಪಿಎಚ್‌ಡಿ ಮಾಡಿ, ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಆಕೆ ಕಂಡದ್ದು ಬೇರೆಯೇ ಲೋಕ.

ಪ್ರಯೋಗಾಲಯ ಎಂದರೆ ಕತ್ತಲ ಕೋಣೆ. ನೆಲದ ಅದುರು ತಾಗದ ಭಾರಿ ಮೇಜು, ಅದರ ಮೇಲೆ ಸಾಲುಸಾಲು ಕನ್ನಡಿ, ಮಸೂರ, ಸ್ಫಟಿಕ. 405 ನ್ಯಾನೋಮೀಟರಿನ ನೇರಳೆ ಲೇಸರ್ ಒಂದು ಸಣ್ಣ ಸ್ಫಟಿಕದೊಳಗೆ ಹೋದರೆ, ಎಲ್ಲೋ ಅಪರೂಪಕ್ಕೆ ಒಂದು ಫೋಟಾನ್ ಎರಡಾಗಿ ಒಡೆದು 810 ನ್ಯಾನೋಮೀಟರಿನ ಅವಳಿ ಹೊರಬರುತ್ತದೆ. ಆ ಅವಳಿಯನ್ನು ಹಿಡಿಯುವ ಡಿಟೆಕ್ಟರುಗಳು ಎಷ್ಟು ಸೂಕ್ಷ್ಮವೆಂದರೆ, ಅವು ಚಾಲೂ ಇದ್ದಾಗ ಕೋಣೆಯ ದೀಪ ಹಾಕುವಂತಿಲ್ಲ, ಮೊಬೈಲ್ ತೆರೆಯುವಂತಿಲ್ಲ. ಬೇರೆ ಉಪಕರಣಗಳ ಮೇಲಿನ ಹಸಿರು, ಕೆಂಪು ಸಣ್ಣ ದೀಪಗಳಿಗೂ ಕಪ್ಪು ಟೇಪು ಅಂಟಿಸಬೇಕು. ಬೆಳಕೇ ಇಲ್ಲದಾಗಲೂ ಡಿಟೆಕ್ಟರು ಆಗಾಗ ‘ಬಂತು’ ಎಂದು ಸುಳ್ಳು ಎಣಿಕೆ ಕೊಡುತ್ತದೆ. ಆ ಸುಳ್ಳಿನ ಪ್ರಮಾಣವನ್ನೂ ಅಳೆದು ಬರೆದಿಡಬೇಕು. ಹೊಸದಾಗಿ ಬಂದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕನ್ನಡಿಗಳ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದರಲ್ಲೇ ಕಳೆಯುತ್ತಾರೆ.

ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಹಳೆಯ ಬೇರುಗಳೂ ಇವೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಎಸ್. ಪಂಚರತ್ನಂ ಎಂಬ ಇಪ್ಪತ್ತರ ಹರೆಯದ ತರುಣ ಧ್ರುವೀಕರಣದ ಮೇಲೆ ಮಾಡಿದ ಕೆಲಸ ಇಂದು ಜಗತ್ತಿನ ದ್ಯುತಿಶಾಸ್ತ್ರದ ಪುಸ್ತಕಗಳಲ್ಲಿದೆ. ಬೆಳಕಿನ ಬಣ್ಣ ಬದಲಾದರೂ ಧ್ರುವೀಕರಣವನ್ನು ಸರಿಯಾಗಿ ತಿರುಗಿಸುವ ಫಲಕಗಳ ಜೋಡಣೆಯನ್ನು ಅವರು ರೂಪಿಸಿದರು. 1956ರಲ್ಲಿ ಅವರು ಗುರುತಿಸಿದ ಹಂತ ವ್ಯತ್ಯಾಸಕ್ಕೆ ಅವರದೇ ಹೆಸರಿದೆ. ಕೆಲಕಾಲ ಮೈಸೂರು ವಿಶ್ವವಿದ್ಯಾಲಯದಲ್ಲೂ ಪಾಠ ಹೇಳಿದ ಅವರು 1969ರಲ್ಲಿ, ಮೂವತ್ತೈದೇ ವಯಸ್ಸಿನಲ್ಲಿ ತೀರಿಕೊಂಡರು. ಕತ್ತಲ ಕೋಣೆಗೆ ಬರುವ ಪ್ರತಿ ಹೊಸ ವಿದ್ಯಾರ್ಥಿಗೂ ಆಕೆ ಅವರ ಪ್ರಬಂಧ ಓದಿಸುತ್ತಿದ್ದಳು.

ಎಣಿಕೆಗಳ ನಡುವೆ ಎಲ್ಲರ ಕಣ್ಣು ನೆಟ್ಟಿರುವುದು ಒಂದೇ ಸಂಖ್ಯೆಯ ಮೇಲೆ, ತಪ್ಪಿನ ಪ್ರಮಾಣ. ಕೀಲಿಯ ನೂರು ಬಿಟ್‌ಗಳಲ್ಲಿ ಎರಡು ಕಡೆಯೂ ಹೊಂದದವು ಎಷ್ಟು? ಅದು ಶೇ. 11ನ್ನು ದಾಟಿದರೆ ಬಿಬಿ84ರ ಸಾಮಾನ್ಯ ವಿಧಾನದಲ್ಲಿ ಸುರಕ್ಷಿತ ಕೀಲಿ ಸಿಗುವುದಿಲ್ಲ. ಈ ಮಿತಿ ಪೀಟರ್ ಶೋರ್ ಮತ್ತು ಜಾನ್ ಪ್ರೆಸ್ಕಿಲ್ 2000ದಲ್ಲಿ ಕೊಟ್ಟ ಪುರಾವೆಯಿಂದ ಬಂದದ್ದು. ಆಕೆಯ ಗುಂಪಿನ ಒಂದು ಪ್ರಯೋಗದಲ್ಲಿ ಬೆಳಗ್ಗೆ ಕೆಳಗಿರುತ್ತಿದ್ದ ತಪ್ಪಿನ ಪ್ರಮಾಣ ಮಧ್ಯಾಹ್ನವಾದಂತೆ ಏರುತ್ತಿತ್ತು, ಸಂಜೆಗೆ ಇಳಿಯುತ್ತಿತ್ತು. ಕೊನೆಗೆ ಸಿಕ್ಕ ಕಾರಣ, ಮಧ್ಯಾಹ್ನ ಜೋರಾಗಿ ಓಡುವ ಎ.ಸಿ.ಯ ಗಾಳಿ. ಅದು ತಾಗಿ ಫೈಬರ್ ಎಳೆ ನವಿರಾಗಿ ಅಲುಗಿ, ಒಳಗಿನ ಬೆಳಕಿನ ದಿಕ್ಕು ತಿರುಗುತ್ತಿತ್ತು.

ಕಾರಣ ಗೊತ್ತಾಯಿತು, ಆ ತಪ್ಪನ್ನು ಲೆಕ್ಕದಿಂದ ಬಿಡೋಣವೇ ಎಂದು ತರುಣನೊಬ್ಬ ಕೇಳಿದ. ಬಿಡುವಂತಿಲ್ಲ. ಈ ವಿದ್ಯೆಯ ಕಟ್ಟುನಿಟ್ಟೇ ಅದು. ತಪ್ಪು ಗಾಳಿಯಿಂದ ಬಂದಿರಲಿ, ಸೆಕೆಯಿಂದ ಬಂದಿರಲಿ, ಡಿಟೆಕ್ಟರಿನ ಸುಳ್ಳು ಎಣಿಕೆಯಿಂದ ಬಂದಿರಲಿ, ಪ್ರತಿಯೊಂದನ್ನೂ ಕದ್ದಾಲಿಸುವವರ ಖಾತೆಗೇ ಬರೆಯಬೇಕು. ಅಷ್ಟು ಮಾಹಿತಿ ಅವರ ಕೈಸೇರಿದೆ ಎಂದೇ ತಿಳಿದು, ಕೀಲಿಯನ್ನು ಗಣಿತದಿಂದ ಹಿಂಡಿ ಚಿಕ್ಕದು ಮಾಡಬೇಕು. ಉದ್ದದ ಕೀಲಿ ಕೈಯಲ್ಲಿದ್ದರೂ, ಅದರಲ್ಲಿ ನಂಬಬಹುದಾದ ಪಾಲನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಬಿಟ್ಟುಕೊಡಬೇಕು. ಇಷ್ಟು ವರ್ಷಗಳಲ್ಲಿ ಈ ಕೆಲಸ ತನಗೆ ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದೇ ಎಂದು ಆಕೆ ನಂಬಿದ್ದಾಳೆ: ತನಗೆ ಅನುಕೂಲವಾದ ವಿವರಣೆ ಸಿಕ್ಕಿತು ಎಂದ ಮಾತ್ರಕ್ಕೆ ಅಳತೆಯಲ್ಲಿ ರಿಯಾಯಿತಿ ಕೊಟ್ಟುಕೊಳ್ಳದಿರುವುದು.

ಬಿಬಿ84ರ ಮೊದಲ ಪ್ರಯೋಗ ನಡೆದದ್ದು 1989ರಲ್ಲಿ, ನ್ಯೂಯಾರ್ಕ್ ರಾಜ್ಯದ ಯಾರ್ಕ್‌ಟೌನ್ ಹೈಟ್ಸ್‌ನ ಐಬಿಎಂ ಕೇಂದ್ರದಲ್ಲಿ. ಫೋಟಾನುಗಳು ಹೋದ ದೂರ 32.5 ಸೆಂಟಿಮೀಟರ್, ಒಂದು ಮೊಳಕ್ಕೂ ಕಡಿಮೆ. ಧ್ರುವೀಕರಣ ಬದಲಿಸುವ ಸಾಧನಗಳ ವಿದ್ಯುತ್ ಘಟಕ ಎಷ್ಟು ಸದ್ದು ಮಾಡುತ್ತಿತ್ತೆಂದರೆ, ಆ ಸದ್ದು ಕೇಳಿಯೇ ಯಾವ ಬಿಟ್ ಹೋಯಿತು ಎಂದು ಹೇಳಬಹುದಿತ್ತು ಎಂದು ಬ್ರಸಾರ್ ನೆನೆದಿದ್ದಾರೆ. ತತ್ವ ದೋಷವಿಲ್ಲದ್ದು, ಯಂತ್ರ ಹಾಗಲ್ಲ ಎಂಬುದು ಮೊದಲ ದಿನವೇ ಗೊತ್ತಾದ ಸತ್ಯ.

ಅಲ್ಲಿಂದ ಮುಂದೆ ಎಲ್ಲರ ಹೋರಾಟ ದೂರದ ಜೊತೆ. ರಜೆಗೆ ಊರಿಗೆ ಬಂದಾಗ ಬೆಳಗಾವಿಯ ಕಾಲೇಜು ಮಕ್ಕಳಿಗೆ ಆಕೆ ಇದನ್ನು ಅವರದೇ ಊರುಗಳ ಲೆಕ್ಕದಲ್ಲಿ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದಳು. ಒಳ್ಳೆಯ ಫೈಬರಿನಲ್ಲಿ 1,550 ನ್ಯಾನೋಮೀಟರಿನ ಬೆಳಕು ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಸೋರಿಹೋಗುತ್ತದೆ. ಬೆಳಗಾವಿಯಿಂದ ಖಾನಾಪುರಕ್ಕೆ 26 ಕಿಲೋಮೀಟರ್ ಎಂದರೆ 5.2 ಡೆಸಿಬೆಲ್. ಹತ್ತು ಫೋಟಾನ್ ಹೊರಟರೆ ಮೂರು ಮುಟ್ಟುತ್ತವೆ, ಕೀಲಿಗೆ ಅಷ್ಟು ಸಾಕು. ಬೆಳಗಾವಿಯಿಂದ ಬೆಂಗಳೂರಿಗೆ ಸುಮಾರು 500 ಕಿಲೋಮೀಟರ್, ಅಂದರೆ 100 ಡೆಸಿಬೆಲ್. ಸಾವಿರ ಕೋಟಿ ಫೋಟಾನ್ ಹೊರಟರೆ ಒಂದು ಮುಟ್ಟುತ್ತದೆ! ಸೆಕೆಂಡಿಗೆ ನೂರು ಕೋಟಿ ಕಳಿಸುವ ಯಂತ್ರ ಇಟ್ಟರೂ ಹತ್ತು ಸೆಕೆಂಡಿಗೆ ಒಂದೇ ಒಂದು. ಮಾಮೂಲಿ ಫೋನ್, ಇಂಟರ್ನೆಟ್ ಬೆಳಕನ್ನು ದಾರಿಯಲ್ಲಿ ವರ್ಧಕ ಇಟ್ಟು ಬಲಪಡಿಸುತ್ತಾರೆ. ಇಲ್ಲಿ ಹಾಗೆ ಮಾಡುವಂತಿಲ್ಲ. ಕಳ್ಳನಿಗೆ ನಕಲು ಮಾಡಲು ಬಿಡದ ನಿಯಮ ನಮ್ಮ ವರ್ಧಕಕ್ಕೂ ಬಿಡುವುದಿಲ್ಲ. 2018ರಲ್ಲಿ ಬಂದ ‘ಟ್ವಿನ್ ಫೀಲ್ಡ್’ ಎಂಬ ಹೊಸ ವಿಧಾನದಿಂದ 2023ರಲ್ಲಿ ಚೀನಾದವರು ಪ್ರಯೋಗಾಲಯದ 1,002 ಕಿಲೋಮೀಟರ್ ಫೈಬರ್ ದಾಟಿದರು, ನಿಜ. ಆದರೆ ಆ ದೂರದಲ್ಲಿ ಕೀಲಿ ಸಿಕ್ಕಿದ್ದು ಸೆಕೆಂಡಿಗೆ ಒಂದು ಬಿಟ್‌ನ ನೂರನೇ ಪಾಲಿಗಿಂತಲೂ ಕಡಿಮೆ ವೇಗದಲ್ಲಿ.

ಹಾಗಾದರೆ ಊರಿಂದೂರಿಗೆ ಜಾಲ ಕಟ್ಟುವುದು ಹೇಗೆ? ನಡುನಡುವೆ ಠಾಣೆಗಳನ್ನಿಟ್ಟು. ಒಂದು ಠಾಣೆ ಕೀಲಿಯನ್ನು ಪಡೆದು, ಬಿಚ್ಚಿ, ಮುಂದಿನ ಠಾಣೆಗೆ ಹೊಸ ಕೀಲಿಯ ರಕ್ಷಣೆಯಲ್ಲಿ ದಾಟಿಸುತ್ತದೆ. 2017ರಲ್ಲಿ ಚೀನಾ ಬೀಜಿಂಗ್–ಶಾಂಘೈ ನಡುವೆ ತೆರೆದ ಸುಮಾರು 2,000 ಕಿಲೋಮೀಟರಿನ ಮಾರ್ಗದಲ್ಲಿ ಅಂಥ 32 ಠಾಣೆಗಳಿವೆ. ಪ್ರತಿ ಠಾಣೆಯ ಒಳಗೆ ರಹಸ್ಯ ಒಂದು ಕ್ಷಣವಾದರೂ ತೆರೆದಿರುತ್ತದೆ. ಆದ್ದರಿಂದ ಠಾಣೆಯನ್ನೂ ಅದನ್ನು ಕಾಯುವವರನ್ನೂ ನಂಬಲೇಬೇಕು.

ಇದನ್ನು ಹೇಳುವಾಗ ಆಕೆಗೆ ಅಪ್ಪನ ನೆನಪು ಬರುತ್ತಿತ್ತು. ಅವರು ಖಾನಾಪುರದಲ್ಲಿ ತಾರು ಕಚೇರಿಯ ಕೆಲಸದಲ್ಲಿದ್ದವರು. ಬೆಳಗಾವಿ ಸೀಮೆಯ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರು ಬಹಳ. ನಗರದಲ್ಲೇ ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ ಇದೆ. ಮನೆಯಲ್ಲಿ ಕಾಯಿಲೆ, ಸಾವು, ಹೆರಿಗೆ, ಏನಾದರೂ ಜವಾನನಿಗೆ ರಜೆ ಸಿಗಬೇಕಾದರೆ ತಾರು ಹೋಗಬೇಕು. ಊರಿನ ಎಲ್ಲ ಮನೆಗಳ ಸುದ್ದಿ ಅಪ್ಪನ ಕೈಮೇಲೆ ಹಾದುಹೋಗುತ್ತಿತ್ತು. “ತಾರು ಯಾರದರ ಇರ್‍ಲಿ, ಕಿವಿಯಿಂದ ಕೈಗೆ ಬರಬೇಕು, ಬಾಯಿಗೆ ಬರಬಾರದು,” ಎನ್ನುತ್ತಿದ್ದರು. ಮನೆಯಲ್ಲಿ ಅವ್ವನಿಗೂ ಏನೂ ಹೇಳುತ್ತಿರಲಿಲ್ಲ. ಭೌತಶಾಸ್ತ್ರದ ನಿಯಮ ಒಂದು ಠಾಣೆಯಿಂದ ಇನ್ನೊಂದಕ್ಕಷ್ಟೇ ಕಾಯುತ್ತದೆ, ಠಾಣೆಯ ಒಳಗೆ ಬೇಕಾದದ್ದು ಅಪ್ಪನಂಥವರು ಎಂದು ಆಕೆ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದಳು. ದೇಶದಲ್ಲಿ ತಾರು ಸೇವೆ 2013ರ ಜುಲೈನಲ್ಲಿ ನಿಂತಿತು. ಅದೇ ನಂಬಿಕೆಯ ಪ್ರಶ್ನೆ ಈಗ ಫೋಟಾನುಗಳ ಜೊತೆ ವಾಪಸು ಬಂದಿದೆ.

ಠಾಣೆಗಳನ್ನು ತಪ್ಪಿಸುವ ಇನ್ನೊಂದು ದಾರಿ ಆಕಾಶ. ವಾತಾವರಣ ನೆಲಕ್ಕೆ ಹತ್ತಿರ ಮಾತ್ರ ದಟ್ಟ, ಅದರ ಮೇಲೆ ಬೆಳಕು ಹೆಚ್ಚು ಸೋರುವುದಿಲ್ಲ. 2016ರ ಆಗಸ್ಟ್‌ನಲ್ಲಿ ಚೀನಾ ‘ಮಿಶಿಯಸ್’ ಉಪಗ್ರಹ ಹಾರಿಸಿತು. 2017ರ ಸೆಪ್ಟೆಂಬರ್‌ನಲ್ಲಿ ಅದು ಒದಗಿಸಿದ ಕೀಲಿಯಿಂದ ಬೀಜಿಂಗ್ ಮತ್ತು ವಿಯೆನ್ನಾದ ವಿಜ್ಞಾನಿಗಳು 7,600 ಕಿಲೋಮೀಟರ್ ದೂರದಿಂದ ವಿಡಿಯೊದಲ್ಲಿ ಮಾತಾಡಿದರು. ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಇಸ್ರೊ ಜೊತೆಗೂಡಿ ಉಪಗ್ರಹದ ಮೂಲಕ ಕ್ವಾಂಟಂ ಕೀಲಿ ಹಂಚುವ ಯೋಜನೆಗೆ ಕೈಹಾಕಿತು. ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯ 2021ರಲ್ಲಿ ತನ್ನ ಆವರಣದ ಎರಡು ಕಟ್ಟಡಗಳ ನಡುವೆ ಗಾಳಿಯ ಮೂಲಕ ಕೀಲಿ ಕಳಿಸಿತು. 2023ರಲ್ಲಿ ನಿಂತ ಮೂಲದಿಂದ ಚಲಿಸುವ ಗ್ರಾಹಕಕ್ಕೆ ಕಳಿಸಿ ತೋರಿಸಿತು. ಉಪಗ್ರಹ ಒಂದೆಡೆ ನಿಲ್ಲುವುದಿಲ್ಲವಾದ್ದರಿಂದ ಅದು ದೊಡ್ಡ ಹೆಜ್ಜೆ. 2021ರ ಮಾರ್ಚ್‌ನಲ್ಲಿ ಅಹಮದಾಬಾದಿನಲ್ಲಿ ಇಸ್ರೊ ವಿಜ್ಞಾನಿಗಳು 300 ಮೀಟರ್ ದಾಟಿಸಿದರು. 2022ರ ಫೆಬ್ರುವರಿಯಲ್ಲಿ ಡಿಆರ್‌ಡಿಒ ಮತ್ತು ದೆಹಲಿ ಐಐಟಿಯವರು ಪ್ರಯಾಗರಾಜ್–ವಿಂಧ್ಯಾಚಲ ನಡುವೆ, ಆಗಲೇ ನೆಲದಲ್ಲಿದ್ದ ವಾಣಿಜ್ಯ ಫೈಬರಿನಲ್ಲೇ 100 ಕಿಲೋಮೀಟರ್‌ಗೂ ಹೆಚ್ಚು ದೂರ ಕೀಲಿ ಕಳಿಸಿದರು. ಈ ಸುದ್ದಿಗಳು ಬಂದ ದಿನಗಳಲ್ಲಿ ಆಕೆಯ ಪ್ರಯೋಗಾಲಯದ ಹುಡುಗರು ಊಟ ಮರೆತು ಲೆಕ್ಕ ಹಾಕುತ್ತ ಕೂತಿದ್ದು ಆಕೆಗೆ ಚೆನ್ನಾಗಿ ನೆನಪಿದೆ. ಖಾನಾಪುರದ ಆಷಾಢದ ಮಳೆ ಕಂಡವಳಿಗೆ ಆಕಾಶದ ದಾರಿಯ ಮಿತಿಯೂ ಗೊತ್ತು. ಮೋಡ ಮುಸುಕಿದ ದಿನ ಆ ದಾರಿಯಲ್ಲಿ ಕೀಲಿ ಇಲ್ಲ.

ಒಡೆಯುವ ಕೆಲಸವೂ ಈ ವಿಜ್ಞಾನದ ಒಂದು ಅಂಗ, ಅದು ಹೊರಗಿನವರಿಗೆ ಕಾಣುವುದಿಲ್ಲ. 2010ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನ ವಾಡಿಮ್ ಮಕರೊವ್, ಲಾರ್ಸ್ ಲಿಡರ್ಸನ್ ಮತ್ತು ಸಂಗಡಿಗರು, ಮಾರುಕಟ್ಟೆಯಲ್ಲಿದ್ದ ಯಂತ್ರಗಳ ಡಿಟೆಕ್ಟರಿಗೆ ಪ್ರಖರ ಬೆಳಕು ಬಿಟ್ಟು ಅದನ್ನು ಕುರುಡು ಮಾಡಿ, ತಮಗೆ ಬೇಕಾದ ಉತ್ತರವನ್ನೇ ಅದರಿಂದ ಹೇಳಿಸಬಹುದು ಎಂದು ತೋರಿಸಿದರು. ತಪ್ಪಿನ ಪ್ರಮಾಣ ಏರಲಿಲ್ಲ, ಕೀಲಿ ಮಾತ್ರ ಕಳುವಾಯಿತು. ನಿಯಮ ಸೋತಿರಲಿಲ್ಲ, ನಿಯಮದಂತೆ ನಡೆಯುತ್ತಿದೆ ಎಂದು ನಂಬಿದ್ದ ಪೆಟ್ಟಿಗೆ ಸೋತಿತ್ತು. ಎರಡೇ ವರ್ಷದಲ್ಲಿ, 2012ರಲ್ಲಿ, ಡಿಟೆಕ್ಟರು ಕಳ್ಳನ ಕೈಯಲ್ಲೇ ಇದ್ದರೂ ಕೀಲಿ ಕೆಡದಂಥ ಹೊಸ ವಿಧಾನವನ್ನು ಹೋಯ್-ಕ್ವಾಂಗ್ ಲೊ, ಮಾರ್ಕೊಸ್ ಕರ್ಟಿ ಮತ್ತು ಬಿಂಗ್ ಚಿ ಮುಂದಿಟ್ಟರು. ತನ್ನ ಯಂತ್ರವನ್ನು ಯಾರಾದರೂ ಒಡೆದರೆ ಸಿಟ್ಟಾಗದೆ, ಒಡೆದವರಿಗೆ ಪತ್ರ ಬರೆದು ಹೇಗೆಂದು ಕೇಳುವುದು ಈ ಕ್ಷೇತ್ರದ ಒಳ್ಳೆಯ ರೂಢಿ.

ಆಕೆ ಎದುರಿಸಿದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಹರಿತವಾದದ್ದು ಬಂದದ್ದು ಸಮ್ಮೇಳನದಲ್ಲಿ ಅಲ್ಲ, ಮನೆಯ ಪಡಸಾಲೆಯಲ್ಲಿ. ಮಗಳು ಮಾಡುವ ಕೆಲಸ ಏನೆಂದು ಅವ್ವ ಒಮ್ಮೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: “ಕಳ್ಳ ಬಂದಾನ ಅಂತ ಗೊತ್ತಾಗತೈತಿ, ಅದು ಖರೆ. ಅಂವ ದಿನಾ ಬಂದು ಹಾದ್ಯಾಗ ಅಡ್ಡ ನಿಂತ್ರ? ನಿಮ್ಮ ಸುದ್ದಿ ಹೋಗೂದ ಇಲ್ಲಲ್ಲ?”

ತಜ್ಞರು ಎತ್ತುವ ಆಕ್ಷೇಪವೂ ಅದೇ. ಕದ್ದಾಲಿಸುವವರು ಕೀಲಿ ಕದಿಯಲಾರರು, ಆದರೆ ಫೋಟಾನುಗಳನ್ನು ಕೆಡಿಸುತ್ತಲೇ ಇದ್ದು ಕೀಲಿ ಹುಟ್ಟದಂತೆ ಮಾಡಬಲ್ಲರು. ಆ ತುದಿಯಲ್ಲಿರುವವರು ನಿಜಕ್ಕೂ ನಮ್ಮವರೇ ಎಂದು ಗುರುತಿಸಲು ಮೊದಲೇ ಒಂದು ಸಣ್ಣ ಗುಟ್ಟನ್ನು ಹಂಚಿಕೊಂಡಿರಬೇಕು. ಯಂತ್ರಗಳು ದುಬಾರಿ. ಇಂಥ ಕಾರಣಗಳಿಂದಲೇ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ, ಈ ಮಿತಿಗಳನ್ನು ದಾಟುವವರೆಗೆ ತನ್ನ ವ್ಯವಸ್ಥೆಗಳಿಗೆ ಇದು ಬೇಡ ಎಂದಿದೆ. ಇನ್ನೊಂದು ದಾರಿ ಗಣಿತದ್ದು. ಇಂದಿನ ಬ್ಯಾಂಕು, ಇಂಟರ್ನೆಟ್ ನೆಚ್ಚಿಕೊಂಡಿರುವ ಗೂಢಲಿಪಿಗಳನ್ನು ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಿಡಿಸಬಲ್ಲದು ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದರು. ಅದಕ್ಕೆ ಜಗ್ಗದ ಹೊಸ ಗಣಿತ ಸೂತ್ರಗಳ ಮೊದಲ ಮೂರು ಮಾನದಂಡಗಳನ್ನು ಅಮೆರಿಕದ ಮಾನದಂಡ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಅವು ಮಾಮೂಲಿ ಕಂಪ್ಯೂಟರಿನಲ್ಲೇ ಓಡುತ್ತವೆ, ಹೊಸ ತಂತಿ ಎಳೆಯಬೇಕಿಲ್ಲ.

ಹಾಗಾದರೆ ಫೋಟಾನ್ ಎಣಿಸಿದ್ದು ವ್ಯರ್ಥವೇ? ಆಕೆಯ ಉತ್ತರ ಸ್ಪಷ್ಟ. ಮೊಬೈಲಿಗೆ, ಬ್ಯಾಂಕಿನ ಆ್ಯಪ್‌ಗೆ ಗಣಿತದ ದಾರಿಯೇ ಸರಿ, ಅದರಲ್ಲಿ ತಕರಾರಿಲ್ಲ. ಆದರೆ ಗಣಿತದ ಬೀಗ ನಿಂತಿರುವುದು ಯಾರೂ ಇನ್ನೂ ಬಿಡಿಸಿಲ್ಲ ಎಂಬ ಭರವಸೆಯ ಮೇಲೆ. ಇಂದು ಕದ್ದಿಟ್ಟುಕೊಂಡ ಸಂದೇಶವನ್ನು ಮೂವತ್ತು ವರ್ಷದ ನಂತರ ಬಿಡಿಸಿದರೂ ಅಪಾಯ ತರುವ ದಾಖಲೆಗಳಿವೆ: ದೇಶದ ರಕ್ಷಣೆಯವು, ಜನರ ಆರೋಗ್ಯದವು. ಅವಕ್ಕೆ ಎರಡು ಬೇರೆಬೇರೆ ಬಗೆಯ ರಕ್ಷಣೆ ಒಟ್ಟಿಗೇ ಬೇಕು. ಒಂದು ಮುರಿದರೂ ಇನ್ನೊಂದು ನಿಲ್ಲಬೇಕು. ಅವ್ವನ ಪ್ರಶ್ನೆಗೆ ಆಕೆ ಕೊಟ್ಟ ಉತ್ತರವೂ ಇದೇ. ಅಡ್ಡ ನಿಂತವ ಕಣ್ಣಿಗೆ ಬಿದ್ದೇ ಬೀಳುತ್ತಾನೆ, ಆಗ ಬೇರೆ ದಾರಿ ಹುಡುಕಬಹುದು. ಗೊತ್ತಿಲ್ಲದೆ ಕದಿಯುವವನೇ ಹೆಚ್ಚು ಕೆಟ್ಟವ.

ಕೇಂದ್ರ ಸಂಪುಟ 2023ರ ಏಪ್ರಿಲ್ 19ರಂದು 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030–31ರವರೆಗೆ ಅದರ ಅವಧಿ. ದೇಶದೊಳಗೆ 2,000 ಕಿಲೋಮೀಟರ್ ಅಂತರದ ನೆಲಠಾಣೆಗಳ ನಡುವೆ ಉಪಗ್ರಹದ ಮೂಲಕ ಸುರಕ್ಷಿತ ಸಂಪರ್ಕ, ನಗರದಿಂದ ನಗರಕ್ಕೆ 2,000 ಕಿಲೋಮೀಟರ್‌ವರೆಗೆ ಕೀಲಿ ಹಂಚಿಕೆ ಅದರ ಗುರಿಗಳಲ್ಲಿ ಸೇರಿವೆ. ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಕಂಪ್ಯೂಟಿಂಗ್‌ನದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಂವಹನದ್ದು ಮದ್ರಾಸ್ ಐಐಟಿಗೆ ಬಂದಿದೆ. 2016ರಲ್ಲಿ ಶುರುವಾದ ಕ್ಯೂನು ಲ್ಯಾಬ್ಸ್ ಬೆಂಗಳೂರಿನಲ್ಲೇ ಕ್ವಾಂಟಂ ಕೀಲಿಯ ಯಂತ್ರಗಳನ್ನು ತಯಾರಿಸುತ್ತಿದೆ. ಬೆಂಗಳೂರಿನಿಂದ ಮುಂಬೈ ಕಡೆಗೆ ಮುಂದೊಂದು ದಿನ ಅಂಥ ಜಾಲ ಹೊರಟರೆ, ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಬೆಳಗಾವಿ ದಾರಿಯಲ್ಲೇ ಇದೆ. ನೂರು ಕಿಲೋಮೀಟರಿಗೊಂದರಂತೆ ಠಾಣೆ ಬೇಕಾದರೆ ಇಲ್ಲಿಯೂ ಒಂದು ಬೇಕಾಗುತ್ತದೆ. ಅಲ್ಲಿ ಫೈಬರ್ ಬೆಸೆಯುವ, ಡಿಟೆಕ್ಟರು ನೋಡಿಕೊಳ್ಳುವ, ತಪ್ಪಿನ ಪ್ರಮಾಣವನ್ನು ರಾತ್ರಿ-ಹಗಲು ಪ್ರಾಮಾಣಿಕವಾಗಿ ಬರೆದಿಡುವ ಕೈಗಳು ಎಲ್ಲಿಂದ ಬರಬೇಕು?

ಇಲ್ಲಿಂದಲೇ ಬರಬೇಕು ಎಂಬುದು ಆಕೆಯ ಹಂಬಲ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲೇ ಇದೆ. ರಾಜ್ಯದ ಎಂಜಿನಿಯರಿಂಗ್ ಪಠ್ಯ ಸಿದ್ಧವಾಗುವುದೇ ಈ ಊರಿನಲ್ಲಿ. 2024ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಪದವಿ ಮಟ್ಟಕ್ಕೆ ಕ್ವಾಂಟಂ ತಂತ್ರಜ್ಞಾನದ ಮೈನರ್ ಪಠ್ಯಕ್ರಮವನ್ನೂ ಹೊರತಂದಿದೆ. ಬಿಬಿ84ರ ತತ್ವ ತೋರಿಸಲು ಒಂಟಿ ಫೋಟಾನಿನ ಯಂತ್ರ ಬೇಕಾಗಿಲ್ಲ. ಒಂದು ಲೇಸರ್ ಪಾಯಿಂಟರ್, ಧ್ರುವೀಕರಣದ ನಾಲ್ಕಾರು ಹಾಳೆ, ಎರಡು ಬೆಳಕಿನ ಸೆನ್ಸರ್, ನಾಣ್ಯ ಚಿಮ್ಮಿ ದಿಕ್ಕು ಆರಿಸುವ ಇಬ್ಬರು ವಿದ್ಯಾರ್ಥಿಗಳು, ನಡುವೆ ಕದ್ದಾಲಿಸಲು ಮೂರನೆಯವನೊಬ್ಬ, ಇಷ್ಟಿದ್ದರೆ ಆಯಿತು. ಅದು ನಿಜವಾದ ಸುರಕ್ಷತೆ ಕೊಡುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ಆದರೆ ನಾಲ್ಕಕ್ಕೆ ಒಂದು ತಪ್ಪು ಎಲ್ಲಿಂದ ಬರುತ್ತದೆ ಎಂಬುದನ್ನು ಅವರು ತಮ್ಮ ಕೈಯಾರೆ ಎಣಿಸಿ ಕಾಣುತ್ತಾರೆ.

ಬೆಳಗಾವಿ, ಖಾನಾಪುರದ ಭೌತಶಾಸ್ತ್ರದ ಮಾಸ್ತರರಲ್ಲಿ, ಬಾಯಿಯವರಲ್ಲಿ ಆಕೆಯ ಕೋರಿಕೆ ಇಷ್ಟೇ. ಈ ವರ್ಷ ಪೋಲಾರಿಮೀಟರಿನ ಪ್ರಯೋಗ ಮಾಡಿಸುವ ದಿನ, ಇದೇ ಧ್ರುವೀಕರಣದ ಮೇಲೆ ನಿಂತ ಒಂದು ಪ್ರಬಂಧ 1984ರಲ್ಲಿ ಬೆಂಗಳೂರಿನಲ್ಲಿ ಮಂಡನೆಯಾಯಿತು ಎಂದು ಮಕ್ಕಳಿಗೆ ಹೇಳಿ, ಮರುವಾರವೇ ಬಿಬಿ84ನ್ನು ಅವರಿಂದ ಮಾಡಿಸಿ. ಪ್ರಯೋಗ ಜೋಡಿಸುವುದು ಹೇಗೆ ಎಂದು ಕೇಳಿ ಬೆಂಗಳೂರಿನ ಪ್ರಯೋಗಾಲಯಗಳಿಗೆ ಪತ್ರ ಬರೆಯಲು ಸಂಕೋಚಪಡಬೇಡಿ.